ಸಾವಿನ ಹೊಣೆ

ಮಹಾಭಾರತದ ಅನುಶಾಸನಪರ್ವದ ಆರಂಭದಲ್ಲಿ ಗೌತಮಿ ಎಂಬ ವೃದ್ಧೆಯ ಕಥೆಯೊಂದು ಬರುತ್ತದೆ. ಆಕೆಯ ಮಗನು ಹಾವು ಕಚ್ಚಿ ಮಡಿದನು. ಅರ್ಜುನಕನೆಂಬ ಬೇಡನು ಆ ಹಾವನ್ನು ಹಿಡಿದು ಕಟ್ಟಿ ತಂದು, ಇದನ್ನು ಸುಡಲೆ, ತುಂಡರಿಸಲೆ ಎಂದು ಕೇಳಿದನು. ತಾನು ಸ್ವತಂತ್ರನಲ್ಲ, ಮೃತ್ಯುವು ಪ್ರೇರಿಸಿದ್ದರಿಂದ ಕಚ್ಚಿದೆನೆಂದು ಹಾವು ಹೇಳಿತು. ಮೃತ್ಯುವು ಅಲ್ಲಿಗೆ ಬಂದು, ತನ್ನನ್ನು ಪ್ರೇರಿಸಿದವನು ಕಾಲನೆಂದನು. ಕಾಲನು ಬಂದು, ಹಾವೂ ಅಲ್ಲ, ಮೃತ್ಯುವೂ ಅಲ್ಲ, ತಾನೂ ಅಲ್ಲ, ಬಾಲಕನ ಕರ್ಮವೇ ಅವನನ್ನು ಕೊಂದಿತೆಂದು ತೀರ್ಪು ಕೊಟ್ಟನು. ಗೌತಮಿಯು ಆ ಮಾತನ್ನು ಒಪ್ಪಿ, ಇದರಲ್ಲಿ ತನ್ನ ಕರ್ಮವೂ ಸೇರಿದೆಯೆಂದು ತಿಳಿದು, ಹಾವನ್ನು ಬಿಡಿಸಿ ಶಾಂತಳಾದಳು.

ಕಥೆಯನ್ನು ಕೇಳಿದವರ ಮನಸ್ಸಿಗೆ ಸಮಾಧಾನವಾಗುತ್ತದೆ. ಆದರೆ ವಿಚಾರವಂತರಿಗೆ ಸಂದೇಹವೊಂದು ಉಳಿಯದೆ ಇರದು. ಹಾವಿನ ಸ್ಥಾನದಲ್ಲಿ ಮನುಷ್ಯರಿದ್ದರೆ ಹೇಗೆ? ಅವರಲ್ಲಿ ಒಬ್ಬನಿಗೂ ಕೊಲ್ಲುವ ಉದ್ದೇಶವಿಲ್ಲದೆ, ಎಲ್ಲರೂ ತಮ್ಮ ತಮ್ಮ ವ್ಯವಹಾರವನ್ನು ನಡೆಸಿಕೊಂಡು ಹೋಗುತ್ತಿರುವಾಗಲೇ ನೂರಾರು ಜನ ಸತ್ತರೆ, ಆಗಲೂ ಸತ್ತವರ ಕರ್ಮವೆಂಬ ಉತ್ತರವು ಸಲ್ಲುವುದೆ? ಇದು ಬರಿಯ ತರ್ಕಶಾಲೆಯ ಪ್ರಶ್ನೆಯಲ್ಲ. ವಿಕ್ಟೋರಿಯಾ ರಾಣಿಯ ಆಳಿಕೆಯಲ್ಲಿ ಲಂಡನ್ ಪಟ್ಟಣದ ಬಡಕೇರಿಗಳಲ್ಲಿ ಇದೇ ಪ್ರಶ್ನೆ ಅಂಕಿಗಳ ರೂಪವನ್ನು ತಾಳಿ ಎದ್ದು ನಿಂತಿತು.

1837ರ ಜುಲೈ ತಿಂಗಳಿಂದ ಇಂಗ್ಲೆಂಡಿನಲ್ಲಿ ಜನನಮರಣಗಳನ್ನು ಸರಕಾರವೇ ದಾಖಲೆ ಮಾಡತೊಡಗಿತು. ಅದಕ್ಕೆ ಮುಂಚೆ ಸಾವು ಆಯಾ ಮನೆಯ ದುಃಖವಾಗಿತ್ತು. ಸಾವುಗಳನ್ನೆಲ್ಲ ಒಂದೆಡೆ ಬರೆದು ಕೂಡಿಸಿದಾಗ, ಮನೆಯೊಳಗೆ ಕುಳಿತು ಅಳುವವರಿಗೆ ಕಾಣದ ಒಂದು ಸಂಗತಿ ಕಣ್ಣಿಗೆ ಬಿತ್ತು. ಬಡವರ ಕಾಯಿದೆಯ ಮಂಡಲಿಗೆ ಕಾರ್ಯದರ್ಶಿಯಾಗಿದ್ದ ಎಡ್ವಿನ್ ಚಾಡ್ವಿಕ್ಕನು 1842ರಲ್ಲಿ ಪ್ರಕಟಿಸಿದ ವರದಿಯಲ್ಲಿ ಸತ್ತವರ ಸರಾಸರಿ ವಯಸ್ಸನ್ನು ಅಂತಸ್ತಿಗೆ ತಕ್ಕಂತೆ ವಿಂಗಡಿಸಿ ತೋರಿಸಿದನು. ಲಂಡನ್ನಿನ ಬೆತ್ನಲ್ ಗ್ರೀನಿನಲ್ಲಿ ಅದು ಶ್ರೀಮಂತರ ಮನೆಗಳಲ್ಲಿ 45, ವ್ಯಾಪಾರಿಗಳ ಮನೆಗಳಲ್ಲಿ 26, ಕೂಲಿಕಾರರ ಮನೆಗಳಲ್ಲಿ 16. ಬೇಸಾಯದ ಸೀಮೆಯಾದ ರಟ್ಲೆಂಡಿನಲ್ಲಿ ಅದೇ ಕ್ರಮದಲ್ಲಿ 52, 41, 38. ಹದಿನಾರೆಂದರೆ ಕೂಲಿಯವರೆಲ್ಲರೂ ಆ ವಯಸ್ಸಿಗೇ ಸತ್ತರೆಂದು ಅರ್ಥವಲ್ಲ. ತೊಟ್ಟಿಲಲ್ಲಿಯೇ ತೀರಿಹೋದ ಶಿಶುಗಳ ಸಂಖ್ಯೆ ಸರಾಸರಿಯನ್ನು ಅಷ್ಟು ಕೆಳಕ್ಕೆ ಎಳೆದಿತ್ತು. ಇಂಥ ಲೆಕ್ಕದಲ್ಲಿ ಶಾಸ್ತ್ರಜ್ಞರು ಎಣಿಸುವ ದೋಷಗಳೂ ಉಂಟು. ಅವುಗಳನ್ನೆಲ್ಲ ಕಳೆದರೂ ಒಂದು ಮಾತು ಉಳಿಯುತ್ತದೆ: ಹಳ್ಳಿಯ ಕೂಲಿಯವನ ಮನೆಯ ಅಂಕಿಯು ಪಟ್ಟಣದ ವ್ಯಾಪಾರಿಯ ಮನೆಯ ಅಂಕಿಗಿಂತ ಹನ್ನೆರಡು ವರ್ಷ ಮೇಲಿತ್ತು. ಹಾಗಾದರೆ ಬಡತನವೊಂದೇ ಕಾರಣವಲ್ಲ. ವಾಸದ ನೆಲ, ಸೇವಿಸುವ ಗಾಳಿ, ಕುಡಿಯುವ ನೀರು ಇವುಗಳಲ್ಲಿಯೂ ಏನೋ ಇರಬೇಕು. ಪ್ರಾಚೀನ ಕರ್ಮವು ಕೇರಿಯನ್ನು ನೋಡಿಕೊಂಡು ಫಲ ಕೊಡುವುದೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ನೀರಿನ ಮಾತು ಹನ್ನೆರಡು ವರ್ಷಗಳ ಬಳಿಕ ಸ್ಪಷ್ಟವಾಯಿತು. ಥೇಮ್ಸ್ ನದಿಯ ದಕ್ಷಿಣದಡದ ಸದರ್ಕ್, ಲ್ಯಾಂಬೆತ್ ಮೊದಲಾದ ತಗ್ಗು ಪ್ರದೇಶಗಳಿಗೆ ಎರಡು ಕಂಪೆನಿಗಳು ನೀರನ್ನು ಮಾರುತ್ತಿದ್ದವು. ಅವುಗಳ ಕೊಳವೆಗಳು ಎಷ್ಟೋ ಬೀದಿಗಳಲ್ಲಿ ಜೊತೆಜೊತೆಯಾಗಿ ಹೋಗಿದ್ದವು. ಒಂದು ಮನೆಗೆ ಈ ಕಂಪೆನಿಯ ನೀರು, ಪಕ್ಕದ ಮನೆಗೆ ಆ ಕಂಪೆನಿಯ ನೀರು. ಮೊದಲು ಎರಡೂ ಪಟ್ಟಣದ ಒಳಗಿನ ನದಿಯಿಂದಲೇ, ಚರಂಡಿಗಳ ಹೊಲಸು ಬೆರೆತ ನೀರನ್ನೇ ಎತ್ತುತ್ತಿದ್ದವು. ಲ್ಯಾಂಬೆತ್ ಕಂಪೆನಿಯು 1852ರಲ್ಲಿ ತನ್ನ ಯಂತ್ರಸ್ಥಾನವನ್ನು ನದಿಯ ಮೇಲ್ಭಾಗದ ಥೇಮ್ಸ್ ಡಿಟನ್ನಿಗೆ, ಸಮುದ್ರದ ಭರತವು ಮುಟ್ಟದ ಕಡೆಗೆ, ಸಾಗಿಸಿತು. ಸದರ್ಕ್ ಮತ್ತು ವಾಕ್ಸ್‌ಹಾಲ್ ಕಂಪೆನಿಯು ಬ್ಯಾಟರ್ಸಿಯಲ್ಲಿಯೇ ನಿಂತಿತು. 1854ರಲ್ಲಿ ಕಾಲರಾ ಮಾರಿ ಬಂದಿತು.

ಜಾನ್ ಸ್ನೋ ಎಂಬ ವೈದ್ಯನು ಸಾವಾದ ಮನೆಗಳನ್ನು ಹುಡುಕಿಕೊಂಡು ಹೋಗಿ, ಅಲ್ಲಿಗೆ ಯಾವ ಕಂಪೆನಿಯ ನೀರು ಬರುತ್ತಿತ್ತೆಂದು ವಿಚಾರಿಸಿದನು. ಎಷ್ಟೋ ಜನಕ್ಕೆ ಅದು ತಿಳಿದಿರಲಿಲ್ಲ. ನೀರಿನ ಹಣವನ್ನು ಮನೆಯ ಒಡೆಯನು ಕಟ್ಟುತ್ತಿದ್ದನು, ಬಾಡಿಗೆಯವರು ಬಂದ ನೀರನ್ನು ಕುಡಿಯುತ್ತಿದ್ದರು. ಬ್ಯಾಟರ್ಸಿಯ ನೀರಿನಲ್ಲಿ ಸಮುದ್ರದ ಉಪ್ಪು ಹೆಚ್ಚಾಗಿ ಬೆರೆತಿದ್ದುದರಿಂದ ಅದನ್ನು ಪರೀಕ್ಷಿಸಿ ಗುರುತು ಹಿಡಿದನು. ಮಾರಿಯ ಮೊದಲ ಏಳು ವಾರಗಳ ಲೆಕ್ಕ ಹೀಗಿದೆ: ಸದರ್ಕ್ ಕಂಪೆನಿಯ 40,046 ಮನೆಗಳಲ್ಲಿ 1,263 ಸಾವು; ಲ್ಯಾಂಬೆತ್ ಕಂಪೆನಿಯ 26,107 ಮನೆಗಳಲ್ಲಿ 98 ಸಾವು. ಹತ್ತು ಸಾವಿರ ಮನೆಗಳಿಗೆ ಲೆಕ್ಕ ಹಾಕಿದರೆ ಒಂದು ಕಡೆ 315, ಇನ್ನೊಂದು ಕಡೆ 37. ಬೀದಿ ಒಂದೇ, ಗಾಳಿ ಒಂದೇ, ಕಸುಬು ಒಂದೇ, ದೇವರೂ ಒಬ್ಬನೇ. ಕೊಳವೆ ಮಾತ್ರ ಬೇರೆ.

ಈಗ ಅರ್ಜುನಕನಂತೆ ಒಬ್ಬನು ಅಪರಾಧಿಯನ್ನು ಹುಡುಕಿ ಹೊರಟನೆಂದು ಭಾವಿಸೋಣ. ನೀರು ಜಡವಸ್ತು, ಅದಕ್ಕೆ ಪಾಪವಿಲ್ಲ. ಕೊಳಾಯಿಯನ್ನು ತಿರುಗಿಸಿದ ಕೆಲಸಗಾರನು ಸಂಬಳದ ಆಳು. ಯಂತ್ರಾಧಿಕಾರಿಯು ಆಡಳಿತವರ್ಗದ ಅಪ್ಪಣೆಯನ್ನು ಮೀರಲಾರನು. ಆಡಳಿತವರ್ಗದವರು ಪಾಲುದಾರರ ಹಣಕ್ಕೆ ಧರ್ಮದರ್ಶಿಗಳು. ಪಾಲುದಾರರಲ್ಲಿ ಬಹುಮಂದಿ ಆ ಕೇರಿಗಳಲ್ಲಿ ಕಾಲಿಟ್ಟವರೂ ಅಲ್ಲ. ಶಾಸನವೇನಾದರೂ ಉಲ್ಲಂಘಿತವಾಯಿತೇ ಎಂದರೆ ಅದೂ ಇಲ್ಲ. ಭರತದ ನದಿಯಿಂದ ಕುಡಿಯುವ ನೀರನ್ನು ಎತ್ತಬಾರದೆಂದು ಪಾರ್ಲಿಮೆಂಟು 1852ರಲ್ಲಿಯೇ ವಿಧಿಸಿತ್ತು. ಆದರೆ ಕಂಪೆನಿಗಳ ಅನುಕೂಲಕ್ಕಾಗಿ 1855ರ ಆಗಸ್ಟ್ 31ರವರೆಗೆ ಗಡುವು ಕೊಟ್ಟಿತ್ತು. ಕಾಲರಾ ಗಡುವಿಗಾಗಿ ಕಾಯಲಿಲ್ಲ. ಹೀಗೆ ಹಾವು ಮೃತ್ಯುವನ್ನೂ, ಮೃತ್ಯು ಕಾಲನನ್ನೂ ತೋರಿಸಿದಂತೆ ಒಬ್ಬನು ಮತ್ತೊಬ್ಬನನ್ನು ತೋರಿಸುತ್ತಾನೆ. ಕೊನೆಯಲ್ಲಿ ಉಳಿಯುವವನು ಸತ್ತ ಮಗುವೊಂದೇ.

ಇಲ್ಲಿ ಪೂರ್ವಪಕ್ಷವೊಂದು ಬಲವಾಗಿದೆ. ಆ ಕಾಲದ ಪಂಡಿತರಲ್ಲಿ ಹೆಚ್ಚಿನವರು ಕಾಲರಾವು ದುರ್ವಾಸನೆಯ ಗಾಳಿಯಿಂದ ಹುಟ್ಟುವುದೆಂದು ನಂಬಿದ್ದರು. ಸ್ನೋವಿನ ಮಾತನ್ನು ಅಂದು ಬಹುಜನ ಒಪ್ಪಲಿಲ್ಲ. ಅವನು 1858ರಲ್ಲಿ ತೀರಿಕೊಂಡನು. ರಾಬರ್ಟ್ ಕಾಖ್ ಎಂಬ ಜರ್ಮನ್ ವಿಜ್ಞಾನಿಯು ರೋಗಾಣುವನ್ನು ಎಲ್ಲರೂ ಒಪ್ಪುವಂತೆ ತೋರಿಸಿಕೊಟ್ಟುದು 1884ರಲ್ಲಿ. ಬಡವರಿಗಾಗಿ ಹೋರಾಡಿದ ಚಾಡ್ವಿಕ್ಕನೇ ದುರ್ವಾಸನೆಯನ್ನು ತೊಲಗಿಸಬೇಕೆಂದು ಚರಂಡಿಗಳ ಹೊಲಸನ್ನು ನದಿಗೆ ಹರಿಯಿಸಿ, ಕುಡಿಯುವ ನೀರನ್ನು ಮತ್ತಷ್ಟು ಕೆಡಿಸಿದನು. ತಿಳಿಯದೆ ಮಾಡಿದುದಕ್ಕೆ ಹೊಣೆಯೆಲ್ಲಿಯದು ಎಂಬುದೇ ಆ ಪೂರ್ವಪಕ್ಷ.

ಇದಕ್ಕೆ ಸಮಾಧಾನ ಹೀಗೆ. ಅಜ್ಞಾನದಲ್ಲಿ ಎರಡು ಬಗೆ. ಒಂದು, ಹುಡುಕಿದರೂ ಸಿಕ್ಕದ್ದು. ಇನ್ನೊಂದು, ನೋಡಲು ಮನಸ್ಸಿಲ್ಲದ್ದು. ಚಾಡ್ವಿಕ್ಕನದು ಮೊದಲನೆಯದು, ಅದು ಕ್ಷಮ್ಯ. ಕಂಪೆನಿಯದನ್ನು ಆ ಗುಂಪಿಗೆ ಸೇರಿಸುವುದು ಕಷ್ಟ. ರೋಗಾಣುವನ್ನು ಕಾಣದಿದ್ದರೂ ನೀರು ಹೊಲಸೆಂಬುದನ್ನು ಕಾಣಲು ಕಣ್ಣು ಮೂಗುಗಳೇ ಸಾಕಾಗಿದ್ದವು. ನೀರಿನಲ್ಲಿ ಮಲಮೂತ್ರಗಳನ್ನು ವಿಸರ್ಜಿಸಬಾರದು, ಉಗುಳಲೂಬಾರದು ಎಂದು ವಿಧಿಸಿದ ಮನುಸ್ಮೃತಿಯ ಕರ್ತೃವಿನ ಬಳಿ ಸೂಕ್ಷ್ಮದರ್ಶಕವಿರಲಿಲ್ಲ. ಪಾರ್ಲಿಮೆಂಟು ನದಿಯನ್ನು ನಿಷೇಧಿಸಿ ಎರಡು ವರ್ಷವಾಗಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಅದೇ ಬೀದಿಗೆ ನೀರು ಕೊಡುವ ಮತ್ತೊಂದು ಕಂಪೆನಿ ಮೇಲ್ಭಾಗಕ್ಕೆ ಹೋಗಿಯೂ ಆಗಿತ್ತು. ನೆರೆಯವನು ಮಾಡಿ ತೋರಿಸಿದುದನ್ನು ಅಸಾಧ್ಯವೆನ್ನುವುದು ಅಜ್ಞಾನವಾಗಲಾರದು; ಅದು ವೆಚ್ಚದ ಲೆಕ್ಕ.

ಹೊಣೆಯು ಹಲವರಲ್ಲಿ ಹಂಚಿಹೋದಾಗ ಒಬ್ಬೊಬ್ಬರ ಪಾಲಿಗೆ ಬರುವುದು ಅತ್ಯಲ್ಪವೆಂಬ ಮಾತೂ ಉಂಟು. ಧರ್ಮಶಾಸ್ತ್ರದ ಲೆಕ್ಕ ಬೇರೆ. ಪ್ರಾಣಿವಧೆಯ ಸಂದರ್ಭದಲ್ಲಿ ಮನುವು ಅನುಮತಿ ಕೊಟ್ಟವನು, ಕಡಿದವನು, ಕೊಂಡವನು, ಮಾರಿದವನು, ಬೇಯಿಸಿದವನು, ಬಡಿಸಿದವನು, ತಿಂದವನು ಇವರೆಲ್ಲರನ್ನೂ ಕೊಂದವನ ಸಾಲಿನಲ್ಲಿಯೇ ನಿಲ್ಲಿಸಿದ್ದಾನೆ. ಆಸ್ತಿಯನ್ನು ಹಂಚಿದರೆ ಪಾಲು ಕಿರಿದಾಗುತ್ತದೆ. ಪಾಪವನ್ನು ಹಂಚಿದರೆ ಹಾಗಾಗುವುದಿಲ್ಲ. ಒಂದು ಪಶುವಿನ ವಿಷಯದಲ್ಲಿ ಇಷ್ಟು ಸೂಕ್ಷ್ಮವಾದ ವಿಚಾರವು ಮನುಷ್ಯರ ವಿಷಯದಲ್ಲಿ ಸಡಿಲವಾಗಬೇಕೆಂದು ಹೇಳುವವರು ಯಾರು?

ತಿಳಿವಳಿಕೆ ಬಂದ ಮೇಲೂ ಹೊಣೆ ತಾನಾಗಿ ಬರುವುದಿಲ್ಲವೆಂಬುದಕ್ಕೆ 1866ರ ವೃತ್ತಾಂತ ಸಾಕ್ಷಿ. ಆ ವರ್ಷ ಕಾಲರಾ ಮತ್ತೆ ಬಂದು ಲಂಡನ್ನಿನ ಪೂರ್ವಭಾಗದ ಬಡವರನ್ನು ಸಾವಿರ ಸಾವಿರವಾಗಿ ಕೊಂಡೊಯ್ದಿತು. ಜನನಮರಣಗಳ ಕಚೇರಿಯ ಲೆಕ್ಕಗಾರನಾದ ವಿಲಿಯಂ ಫಾರನು ಒಂದು ಕಾಲಕ್ಕೆ ಗಾಳಿಯ ಪಕ್ಷದವನು. ಅಂಕಿಗಳನ್ನು ನೋಡಿ ಅಭಿಪ್ರಾಯವನ್ನು ಬದಲಿಸಿಕೊಂಡು, ಆ ಭಾಗಕ್ಕೆ ನೀರು ಕೊಡುವ ಕಂಪೆನಿಯ ಕಡೆಗೆ ಬೆರಳು ತೋರಿಸಿದನು. ತಮ್ಮ ನೀರೆಲ್ಲವೂ ಸೋಸಿದ ನೀರೇ ಎಂದು ಕಂಪೆನಿಯವರು ಸಾರಿದರು. ಆದರೆ ಮನೆಗಳ ಕೊಳವೆಗಳಲ್ಲಿ ಹಾವುಮೀನುಗಳು ಸಿಕ್ಕಿದವು. ಸೋಸುವ ಮರಳಿನ ಹಾಸಿನ ಮೂಲಕ ಹಾವುಮೀನು ದಾಟಿ ಬರಲಾರದು. ಓಲ್ಡ್ ಫೋರ್ಡಿನ ತೆರೆದ ಕೊಳಗಳ ನೀರು ಸೋಸದೆಯೇ ಜನರ ಬಾಯಿಗೆ ಹೋಗಿತ್ತೆಂಬುದು ವಿಚಾರಣೆಯಿಂದ ಹೊರಬಿದ್ದಿತು. 1854ರಲ್ಲಿ ತಿಳಿದಿರಲಿಲ್ಲವೆಂಬ ಮಾತಿಗೆ ಸ್ವಲ್ಪವಾದರೂ ಎಡೆಯಿತ್ತು. 1866ರಲ್ಲಿ ಆ ಎಡೆಯೂ ಇರಲಿಲ್ಲ.

ಕರ್ಮವಾದವು ಭರತಖಂಡದ ದೋಷ, ಪಾಶ್ಚಾತ್ಯರು ಇದರಿಂದ ಮುಕ್ತರು ಎಂದು ಕೆಲವರು ಭಾವಿಸುವುದುಂಟು. ಇದು ಸರಿಯಲ್ಲ. ಆ ದೇಶದಲ್ಲಿಯೂ ಮಾರಿ ಬಂದಾಗ ಇದು ದೇವರ ದಂಡನೆಯೆಂದು ಹೇಳಿದವರು ಬಹಳ. 1853ರಲ್ಲಿ ಎಡಿನ್‌ಬರೋ ಪಟ್ಟಣದ ಧರ್ಮಾಧಿಕಾರಿಗಳ ಸಭೆಯು, ರೋಗಶಾಂತಿಗಾಗಿ ದೇಶವೆಲ್ಲ ಉಪವಾಸದ ದಿನವನ್ನು ಆಚರಿಸುವಂತೆ ಸರಕಾರವು ಸಾರುವುದೇ ಎಂದು ಕೇಳಿತು. ಗೃಹಮಂತ್ರಿಯಾಗಿದ್ದ ಪಾಮರ್ಸ್ಟನ್ನನು, ಮೊದಲು ಬಡವರ ಕೇರಿಗಳನ್ನು ಶುದ್ಧಗೊಳಿಸಿರಿ, ಅದನ್ನು ಮಾಡದೆ ಪ್ರಾರ್ಥಿಸಿದರೆ ಫಲವಿಲ್ಲವೆಂಬ ಅಭಿಪ್ರಾಯದ ಉತ್ತರವನ್ನು ಬರೆಯಿಸಿದನು. ಕೆಲವರಿಗೆ ಇದು ನಾಸ್ತಿಕರ ಮಾತಾಗಿ ಕೇಳಿಸಿತು. ವಸ್ತುತಃ ಅದು ಪ್ರಾರ್ಥನೆಯ ನಿಂದೆಯಲ್ಲ. ಮನುಷ್ಯನು ತನ್ನ ಕೈಯಿಂದ ಆಗುವ ಕೆಲಸವನ್ನು ದೇವರ ಮೇಲೆ ಹೊರಿಸಬಾರದೆಂಬುದಷ್ಟೇ ಅದರ ತಾತ್ಪರ್ಯ.

ಹಾಗಾದರೆ ಗೌತಮಿಯ ಕಥೆ ಸುಳ್ಳೇ? ಅಲ್ಲ. ಅದನ್ನು ಯಾರು ಯಾರಿಗೆ ಯಾವಾಗ ಹೇಳಿದರೆಂಬುದನ್ನು ಮರೆಯದಿದ್ದರೆ ಸಾಕು. ಯುದ್ಧವು ಮುಗಿದಿದೆ, ಬಂಧುಗಳೆಲ್ಲ ಸತ್ತಿದ್ದಾರೆ, ತನ್ನಿಂದಲೇ ಇದೆಲ್ಲ ಆಯಿತೆಂದು ಧರ್ಮರಾಯನು ಬೆಂದುಹೋಗುತ್ತಿದ್ದಾನೆ. ಆಗ ಶರತಲ್ಪದಲ್ಲಿ ಮಲಗಿದ ಭೀಷ್ಮನು ಅವನ ಶೋಕವನ್ನು ತಣಿಸಲು ಹೇಳಿದ ಕಥೆ ಅದು. ಆಗಿಹೋದುದಕ್ಕೆ ಅದು ಔಷಧ, ಆಗಬೇಕಾದುದಕ್ಕೆ ವಿಧಿಯಲ್ಲ. ಅದೇ ಭೀಷ್ಮನು ಅದಕ್ಕೆ ಮುಂಚೆ ಶಾಂತಿಪರ್ವದಲ್ಲಿ ಪ್ರಜೆಗಳ ರಕ್ಷಣೆಯೇ ರಾಜಧರ್ಮವೆಂದು ವಿಸ್ತಾರವಾಗಿ ಉಪದೇಶಿಸಿದ್ದಾನೆ. ಪ್ರಜೆಗಳು ಸತ್ತರೆ ಅವರ ಕರ್ಮವೆಂದು ಸುಮ್ಮನಿರು ಎನ್ನಲಿಲ್ಲ.

ಮಾತಿನ ಸತ್ಯವು ಅದನ್ನು ಆಡುವವನ ಸ್ಥಾನವನ್ನು ಅವಲಂಬಿಸಿರುತ್ತದೆ. ಸದರ್ಕಿನ ಒಬ್ಬ ತಾಯಿಯು ತನ್ನ ಕೂಸನ್ನು ಮಣ್ಣುಮಾಡಿ ಬಂದು, ಇದು ದೈವೇಚ್ಛೆಯೆಂದು ಕಣ್ಣೊರಸಿಕೊಂಡರೆ ಅದು ಧೈರ್ಯ, ಅದು ಕ್ಷಮೆ. ಅದೇ ಮಾತನ್ನು ಆ ನೀರನ್ನು ಮಾರಿದವನು ಆಡಿದರೆ ಅದು ವಂಚನೆ. ದುಃಖಪಡುವವಳು ತನಗೆ ಹೇಳಿಕೊಳ್ಳಬಹುದಾದ ಸಮಾಧಾನವನ್ನು, ತಡೆಯಬಲ್ಲವನು ತನಗೆ ಹೇಳಿಕೊಳ್ಳುವಂತಿಲ್ಲ. ಕರ್ಮಸಿದ್ಧಾಂತವನ್ನು ತನ್ನ ವಿಷಯದಲ್ಲಿ ಅನ್ವಯಿಸಿಕೊಂಡವನು ವಿನೀತನಾಗುತ್ತಾನೆ; ಪರರ ಸಾವಿಗೆ ಅನ್ವಯಿಸಿದವನು ಕಠಿನನಾಗುತ್ತಾನೆ. ಕೆರೆಬಾವಿಗಳನ್ನು ತೋಡಿಸುವುದನ್ನು ಪೂರ್ತವೆಂಬ ಪುಣ್ಯಕರ್ಮವಾಗಿ ಎಣಿಸಿದ ಹಿರಿಯರು ಬಾಯಾರಿದವನ ಕರ್ಮವನ್ನು ವಿಚಾರಿಸುತ್ತ ಕೂಡಲಿಲ್ಲ.

ಲಂಡನ್ನಿನಲ್ಲಿ 1866ರ ಅನಂತರ ಕಾಲರಾ ಮಾರಿಯಾಗಿ ಹಬ್ಬಲಿಲ್ಲ. ಪಟ್ಟಣದಿಂದ ದೂರಕ್ಕೆ ಹೊಲಸನ್ನು ಒಯ್ಯುವ ದೊಡ್ಡ ಚರಂಡಿಗಳು ಮುಗಿದವು. 1902ರ ಶಾಸನದಿಂದ ನೀರಿನ ಕಂಪೆನಿಗಳ ಕೆಲಸವು ಸಾರ್ವಜನಿಕ ಮಂಡಲಿಯೊಂದಕ್ಕೆ ವಹಿಸಲ್ಪಟ್ಟಿತು. ಆ ಕೇರಿಗಳಲ್ಲಿ ಹುಟ್ಟಿದವರ ಪ್ರಾಚೀನ ಕರ್ಮವು ಆ ಅರವತ್ತು ವರ್ಷಗಳಲ್ಲಿ ಒಮ್ಮೆಗೇ ಶುದ್ಧವಾಯಿತೆಂದು ಯಾರೂ ಹೇಳಲಾರರು, ಶುದ್ಧವಾದದ್ದು ನೀರು.

ಗೌತಮಿಯು ಹಾವನ್ನು ಬಿಡಿಸಿದಳು. ಅದು ಅವಳ ದೊಡ್ಡತನ. ಬಿಡಿಸುವ ಅಧಿಕಾರವೂ ಅವಳದೇ. ಬಿಡಿಸಿದ ಹಾವು ಮರುದಿನ ನೆರೆಮನೆಯ ತೊಟ್ಟಿಲನ್ನು ಸೇರದಂತೆ ಕಾಯುವ ಕೆಲಸ ಮಾತ್ರ ಊರಿನವರದು.