ಕಂಪೆನಿಯೂ ಒಂದು ಅಮಾನತ್

ಒಮ್ಮೆ ಪ್ರವಾದಿವರ್ಯರು(ಸ) ಧಾನ್ಯದ ರಾಶಿಯೊಂದರ ಬಳಿ ನಿಂತು ಅದರೊಳಗೆ ಕೈ ಹಾಕಿದರು. ಬೆರಳಿಗೆ ತೇವ ತಗಲಿತು. ವಿಚಾರಿಸಿದಾಗ, ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದ. ಹಾಗಾದರೆ ಒದ್ದೆ ಕಾಳನ್ನು ಜನರಿಗೆ ಕಾಣುವಂತೆ ಮೇಲಿಡಬೇಕಿತ್ತೆಂದು ತಿಳಿಸಿದ ಪ್ರವಾದಿವರ್ಯರು(ಸ), ವಂಚಿಸುವವನು ತಮ್ಮವನಲ್ಲವೆಂದು ಎಚ್ಚರಿಸಿದರು. ಸಹೀಹ್ ಮುಸ್ಲಿಮ್‌ನಲ್ಲಿ ಈ ಘಟನೆಯಿದೆ.

ಪ್ರಿಯ ಸಹೋದರ ಸಹೋದರಿಯರೇ, ನಮ್ಮ ಮಾಡದಕೆರೆಯಂತಹ ಊರುಗಳಲ್ಲಿ ರಾಗಿ ಕೊಳ್ಳುವವನು ಚೀಲದ ಬಾಯಿಯ ಕಾಳನ್ನಷ್ಟೇ ನೋಡುವುದಿಲ್ಲ. ಒಳಗೆ ಕೈ ಹಾಕಿ ಒಂದು ಹಿಡಿ ತೆಗೆದು ನೋಡುತ್ತಾನೆ. ಆದರೆ ಜೀವಮಾನದ ಉಳಿತಾಯವನ್ನು ಒಂದು ಕಂಪೆನಿಗೆ ಒಪ್ಪಿಸುವಾಗ ಮಾತ್ರ ನಾವು ಮೇಲಿನ ಕಾಳನ್ನು ನೋಡಿಯೇ ತೃಪ್ತರಾಗುತ್ತೇವೆ.

ಬೆಂಗಳೂರಿನಲ್ಲಿ 2006ರಲ್ಲಿ ಆರಂಭವಾದ ಐ ಮಾನಿಟರಿ ಅಡ್ವೈಸರಿ, ಅಂದರೆ ಐಎಂಎ ಕಂಪೆನಿಯನ್ನು ನೆನಪಿಸಿಕೊಳ್ಳಿ. ಬಡ್ಡಿಯಿಲ್ಲದ ಹಲಾಲ್ ಲಾಭವೆಂಬುದು ಅದರ ಪ್ರಚಾರವಾಗಿತ್ತು. ಹಣ ಹೂಡಿದವರನ್ನು ಪಾಲುದಾರರೆಂದು ಕರೆಯಲಾಯಿತು. ಶಿವಾಜಿನಗರದ ಸರಕಾರಿ ಶಾಲೆಯೊಂದಕ್ಕೂ ಅದು ನೆರವಾಗಿತ್ತು. ಧಾರ್ಮಿಕ ವ್ಯಕ್ತಿಗಳ ಮಾತನ್ನೂ ನಂಬಿ ಜನರು ಹಣ ಕೊಟ್ಟರು. 2019ರ ಜೂನ್‌ನಲ್ಲಿ ಈದುಲ್ ಫಿತ್ರ್ ರಜೆಗೆಂದು ಮುಚ್ಚಿದ ಕಚೇರಿಯ ಬಾಗಿಲು ಮತ್ತೆ ತೆರೆಯಲಿಲ್ಲ. ಸ್ಥಾಪಕರು ದುಬೈಗೆ ಹೋಗಿದ್ದರು. ಜುಲೈ 19ರಂದು ದಿಲ್ಲಿಯಲ್ಲಿ ಅವರ ಬಂಧನವಾಯಿತು. 40 ಸಾವಿರಕ್ಕೂ ಹೆಚ್ಚು ಮಂದಿ ದೂರು ಕೊಟ್ಟರು. ಸಂಗ್ರಹವಾದ ಹಣ ಸುಮಾರು 4,000 ಕೋಟಿ ರೂಪಾಯಿಯೆಂದೂ, ಹೊಸಬರ ಹಣವನ್ನೇ ಹಳಬರಿಗೆ ಲಾಭವೆಂದು ಹಂಚಲಾಗುತ್ತಿತ್ತೆಂದೂ ತನಿಖಾ ಸಂಸ್ಥೆಗಳು ಆರೋಪಿಸಿದವು.

ಪಾಲುದಾರಿಕೆಯ ವಿಷಯದಲ್ಲಿ ಶರೀಅತ್‌ನ ನಿಯಮ ಸ್ಪಷ್ಟವಾಗಿದೆ. ಲಾಭ ಬಂದರೆ ಒಪ್ಪಿದ ಪ್ರಮಾಣದಲ್ಲಿ ಹಂಚಿಕೆ. ಬಾರದಿದ್ದರೆ ಹಂಚಲು ಏನೂ ಇಲ್ಲ. ವ್ಯಾಪಾರ ಕುಸಿದ ತಿಂಗಳು ಕಂಪೆನಿಯ ಯಜಮಾನನ ಮುಂದೆ ಎರಡು ದಾರಿಗಳಿರುತ್ತವೆ. ಈ ಸಲ ಲಾಭವಿಲ್ಲವೆಂದು ಸತ್ಯ ಹೇಳಿದರೆ ಕೆಲವರು ಹಣ ಹಿಂದೆ ಕೇಳಬಹುದು, ಹೆಸರು ಸ್ವಲ್ಪ ಮಾಸಬಹುದು. ಆದರೆ ವ್ಯಾಪಾರ ಉಳಿಯುತ್ತದೆ. ಹೆಸರು ಉಳಿಸಿಕೊಳ್ಳಲು ಒಬ್ಬರ ಅಸಲನ್ನು ಇನ್ನೊಬ್ಬರಿಗೆ ಲಾಭವೆಂದು ಕೊಟ್ಟರೆ, ಕೊನೆಗೆ ಅಸಲೂ ಹೋಗುತ್ತದೆ, ಹೆಸರೂ ಹೋಗುತ್ತದೆ. ಒದ್ದೆ ಕಾಳನ್ನು ಅಡಿಯಲ್ಲಿ ಬಚ್ಚಿಟ್ಟರೆ ಇಡೀ ರಾಶಿಯೇ ಮುಗ್ಗುವಂತೆ.

ನಷ್ಟ ಅಲ್ಲಿಗೇ ನಿಲ್ಲುವುದಿಲ್ಲ. ಮಗಳ ಮದುವೆಗೆಂದು ಕೂಡಿಟ್ಟ ತಂದೆ, ನಿವೃತ್ತಿಯ ಹಣ ತಂದಿಟ್ಟ ವೃದ್ಧ, ಒಡವೆ ಮಾರಿ ಹೂಡಿದ ವಿಧವೆ, ಇವರೆಲ್ಲ ಬೀದಿಗೆ ಬರುತ್ತಾರೆ. ನಾಳೆ ಪ್ರಾಮಾಣಿಕನೊಬ್ಬ ಹಲಾಲ್ ವ್ಯಾಪಾರಕ್ಕೆ ಪಾಲುದಾರರನ್ನು ಹುಡುಕಿದರೆ ಅವನನ್ನೂ ಜನ ಸಂಶಯದಿಂದ ನೋಡುತ್ತಾರೆ. ದೀನಿನ ಹೆಸರಿಗೂ ಮಸಿ ಹತ್ತುತ್ತದೆ. ಇದಕ್ಕಿಂತ ದೊಡ್ಡ ನಷ್ಟ ಯಾವುದಿದೆ?

ಹಿಜ್ರಾದ ಘಟನೆಯನ್ನು ಸ್ಮರಿಸಿರಿ. ಪ್ರವಾದಿವರ್ಯರ(ಸ) ಬೋಧನೆಯನ್ನು ವಿರೋಧಿಸುತ್ತಿದ್ದ ಮಕ್ಕಾದವರೂ ತಮ್ಮ ಬೆಲೆಬಾಳುವ ವಸ್ತುಗಳನ್ನು ಅವರ ಬಳಿಯೇ ಇಡುತ್ತಿದ್ದರು. ಅವರನ್ನು ಕೊಲ್ಲಲು ಸಂಚು ನಡೆದಿತ್ತು. ಊರು ಬಿಡಲೇಬೇಕಾಗಿತ್ತು. ಆ ಸಂಕಟದಲ್ಲೂ ಅವರು ಅಲೀ(ರ)ರನ್ನು ಮಕ್ಕಾದಲ್ಲಿ ಉಳಿಸಿ, ಪ್ರತಿಯೊಬ್ಬರ ಅಮಾನತ್ತನ್ನೂ ಮರಳಿಸಿ ಬರುವಂತೆ ತಿಳಿಸಿದರು. ಕೊಲ್ಲಬಂದವರ ಸೊತ್ತನ್ನೂ ಅವರು ತಮ್ಮದೆಂದು ಭಾವಿಸಲಿಲ್ಲ. ನಂಬಿ ಬಂದವರ ಹಣದ ವಿಷಯದಲ್ಲಿ ಅವರ ಅನುಯಾಯಿಯ ಹೊಣೆ ಎಷ್ಟಿರಬೇಕು!

ಹಣ ಕೊಡುವವರಿಗೂ ಹೊಣೆಯಿದೆ. ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತ, ಅಲ್ ಬಕರ ಅಧ್ಯಾಯದ 282ನೆಯದು, ಸಾಲದ ವ್ಯವಹಾರವನ್ನು ಬರೆದಿಡುವ ಮತ್ತು ಸಾಕ್ಷಿಗಳನ್ನು ಇರಿಸುವ ಬಗ್ಗೆಯೇ ಇದೆ. ಲೆಕ್ಕ ಕೇಳುವುದು ಅವಿಶ್ವಾಸವಲ್ಲ, ಅದು ದೀನಿನ ಶಿಸ್ತು. ಲಾಭ ಯಾವ ವ್ಯಾಪಾರದಿಂದ ಬರುತ್ತದೆ? ಹಣ ಪಡೆಯಲು ಕಾನೂನಿನ ಅನುಮತಿಯಿದೆಯೇ? ಲೆಕ್ಕ ಪರಿಶೋಧಿಸುವವರು ಯಾರು? ಗಡ್ಡ, ಟೋಪಿ, ದಾನಧರ್ಮ ನೋಡಿ ಈ ಪ್ರಶ್ನೆಗಳನ್ನು ಬಿಡಬೇಡಿ. ನಮ್ಮಂತಹ ಮದ್ರಸಾ ಅಧ್ಯಾಪಕರೂ ಲೆಕ್ಕ ನೋಡದೆ ಯಾವ ಕಂಪೆನಿಯ ಪರವಾಗಿಯೂ ಒಂದು ಮಾತೂ ಆಡಬಾರದು.

ಕಂಪೆನಿಯ ಹೆಸರಿನ ಹಿಂದೆ ಅಡಗಿಕೊಂಡು ಯಾರೂ ಪರಲೋಕದ ವಿಚಾರಣೆಯಿಂದ ಪಾರಾಗಲಾರರು. ಅಲ್ಲಿ ಸಹಿ ಹಾಕಿದ ಕೈಯೇ ಉತ್ತರಿಸಬೇಕು. ಅಲ್ಲಾಹನು ನಮ್ಮ ಸಂಪಾದನೆಯನ್ನು ಶುದ್ಧಗೊಳಿಸಲಿ, ಸೊತ್ತು ಕಳೆದುಕೊಂಡವರಿಗೆ ಅವರ ಹಕ್ಕು ಮರಳುವಂತಾಗಲಿ. ಆಮೀನ್.