ಮುಳ್ಳು ಯಾರದು?

ಚಿತ್ತಾಪುರ ತಾಲ್ಲೂಕಿನಲ್ಲಿ ನಮ್ಮದೊಂದು ನಾಲ್ಕು ಎಕರೆ ಹೊಲ ಇದೆ. ಅಪ್ಪ ಇರೋವರೆಗೆ ತೊಗರಿ ಬೆಳೀತಿತ್ತು. ಅಪ್ಪ ಹೋದ ಮೇಲೆ ಮೂರು ವರ್ಷ ಬೀಳು. ಬೀಳು ಬಿದ್ದ ಹೊಲಕ್ಕೆ ಮೊದಲು ಬರೋದು ಬಳ್ಳಾರಿ ಜಾಲಿ. ಅಮೆರಿಕ ಖಂಡದ ಗಿಡ, 19ನೇ ಶತಮಾನದಲ್ಲಿ ಇಲ್ಲಿಗೆ ಬಂದದ್ದು. ಅದರ ಹಿಂದೆಯೇ ಜನ: ಕಟ್ಟಿಗೆಗೆ ಬರೋ ಹೆಂಗಸರು, ಆಡು ಮೇಯಿಸೋರು, ಅಡ್ಡದಾರಿ ಹಿಡಿದು ಹಾಯ್ದು ಹೋಗೋರು.

"ಹಿಂಗ ಬಿಟ್ರ ಹೊಲ ನಿಂದು ಅನ್ನೋದೇ ಮರೀತಾರ ನೋಡಪಾ" ಅಂದರು ಕಾಕಾ ಫೋನಿನಲ್ಲಿ.

ಬೆಂಗಳೂರಲ್ಲಿ ಕೂತವರು ಏನು ಮಾಡ್ತೀವಿ? ಗೂಗಲ್ ಮಾಡ್ತೀವಿ. 1963ರ ಕಾಲಮಿತಿ ಕಾಯ್ದೆ ಪ್ರಕಾರ, ತನ್ನದೇ ಎಂಬಂತೆ 12 ವರ್ಷ ಹಿಡಿದು ಕೂತವನನ್ನು ಬಿಡಿಸೋದು ಕಷ್ಟ. 1882ರ ಇನ್ನೊಂದು ಕಾಯ್ದೆಯಲ್ಲಿ, 20 ವರ್ಷ ಯಾರ ತಡೆಯೂ ಇಲ್ಲದೆ ಓಡಾಡಿದರೆ ದಾರಿಯೇ ಹಕ್ಕಾಗಬಹುದು. ಓದಿ ಆ ರಾತ್ರಿ ನಿದ್ದೆ ಬರಲಿಲ್ಲ. ಆಡು ಮೇಯಿಸಿದ ಮಾತ್ರಕ್ಕೆ ಯಾರೂ ಮಾಲೀಕರಾಗಲ್ಲ ಅನ್ನೋದು ಆಗ ತಲೆಗೆ ಹೋಗಲಿಲ್ಲ. ಶಹಾಬಾದ್ ಪರ್ಸಿ ನಿಲ್ಲಿಸೋಣ ಅಂದರೆ ಖರ್ಚು ಜಾಸ್ತಿ. ಆಳು ಹಚ್ಚಿ, ಅದೇ ಜಾಲಿ ಕಡಿಸಿ ದಾರಿಗೆ ಅಡ್ಡ ಒಟ್ಟಿಸಿದೆ. ಕಟ್ಟಿಗೆಗೆ ಯಾರೂ ಬರಬಾರದು ಅಂತಲೂ ಹೇಳಿಸಿದೆ.

ಮುಂದಿನ ಸಲ ಊರಿಗೆ ಹೋದಾಗ ಆಡು ಕಾಯೋ ಹುಡುಗನ ಕಾಲು ಊದಿತ್ತು. ಮುಳ್ಳು ಚಪ್ಪಲಿ ತೂರಿ ಒಳಗೆ ಮುರಿದಿತ್ತು. ಅವನ ಅಜ್ಜ ಜಗಳ ಮಾಡಲಿಲ್ಲ. "ಮುಳ್ಳು ನಿಮ್ಮದೇ ಅದ ಯಪ್ಪಾ. ಕಾಲು ನಮ್ಮ ಹುಡುಗಂದು" ಅಂದ, ಅಷ್ಟೇ.

ಹೊಲ ನೋಡಿದರೆ ಇನ್ನೂ ದಟ್ಟ. ಜಾಲಿಯನ್ನು ಮೇಲೆ ಕಡಿದರೆ ಸಾಯಲ್ಲ, ಬುಡದಿಂದ ನಾಲ್ಕಾರು ಚಿಗುರು ಒಡೀತದೆ. ಬುಡ ಸಮೇತ ಅಗೆದು ತೆಗೀಬೇಕು. ಆಡುಗಳೂ ಸಾಚಾ ಅಲ್ಲ: ಎಲೆ ಮುಟ್ಟಲ್ಲ, ಕಾಯಿ ತಿಂದು ಹಿಕ್ಕೆಯಲ್ಲಿ ಬೀಜ ಬಿತ್ತಿ ಹೋಗ್ತವೆ. ಆದರೆ ಆ ಹೆಂಗಸರ ಕೊಡಲಿ ಇಷ್ಟು ದಿನ ಅದನ್ನು ತಕ್ಕಮಟ್ಟಿಗೆ ತಡೆದಿತ್ತು. ನಾನು ತಡೆದದ್ದು ಆ ಕೊಡಲಿಯನ್ನ.

ನನ್ನನ್ನು ಹೆಚ್ಚು ಚುಚ್ಚಿದ್ದು ಬೇರೆ. ಈ ಹೊಲ ಅಜ್ಜನಿಗೆ ಬಂದದ್ದು 1974ರ ಭೂಸುಧಾರಣೆ ತಿದ್ದುಪಡಿಯ ಮೇಲೆ, ಗೇಣಿದಾರನಾಗಿ ಉಳುತ್ತಿದ್ದ ಅಂತ. ಊರಲ್ಲಿಲ್ಲದ ಒಡೆಯನ ಪತ್ರಕ್ಕಿಂತ ಹೊಲದಲ್ಲಿದ್ದವನ ಬೆವರು ದೊಡ್ಡದು ಅನ್ನೋ ವಾದದಿಂದ ನಾವು ಮಾಲೀಕರಾದೆವು. ಈಗ ಊರಲ್ಲಿಲ್ಲದ ಒಡೆಯ ನಾನು, ಕೈಯಲ್ಲಿ ಪಹಣಿ.

ಹಾಗಂತ ಯಾರು ಬೇಕಾದರೂ ನುಗ್ಗಲಿ ಅಂತ ನಾನು ಒಪ್ಪಲ್ಲ. ನಿಂತ ತೊಗರಿಗೆ ಆಡು ಹೊಕ್ಕರೆ ಒಂದು ವರ್ಷದ ಕೂಳು ಹೋಗ್ತದೆ, ಅಲ್ಲಿ ಬೇಲಿ ಬೇಕೇ ಬೇಕು. ಆದರೆ ನನ್ನ ಬೇಲಿಯ ಒಳಗೆ ಕಾಯೋಕೆ ಏನಿತ್ತು?

ದಾರಿಯ ಮುಳ್ಳು ತೆಗೆಸಿದೆ. ಹುಡುಗನ ಆಸ್ಪತ್ರೆ ಖರ್ಚು ಕೊಟ್ಟೆ, ಅಜ್ಜ ಅರ್ಧ ವಾಪಸ್ ಕಳಿಸಿದ. ಜಾಲಿ ಅಗೆಸೋಕೆ ದುಡ್ಡು ಹಾಕಿದ್ದೀನಿ, ಕಟ್ಟಿಗೆ ಬೇಕಾದವರು ಒಯ್ಯಲಿ ಅಂದಿದ್ದೀನಿ. ಕಾಕಾಗೆ ಸಮಾಧಾನ ಇಲ್ಲ. "ನಾಳೆ ಬಿತ್ತಿದ ಮ್ಯಾಲ ಆಡು ಹೊಕ್ಕರ ಏನ್ ಮಾಡ್ತಿ?" ಅಂತಾರೆ. ಬಿತ್ತೋರು ಯಾರು ಅನ್ನೋದು ಅವರಿಗೂ ಗೊತ್ತಿಲ್ಲ, ನನಗೂ.