ವೈರ ಶಬ್ದದ ವಿಚಾರ

ನಾವು ನಿತ್ಯವೂ ಹೆಮ್ಮೆಯಿಂದ ಉಚ್ಚರಿಸುವ 'ವೀರ' ಶಬ್ದದಿಂದಲೇ 'ವೈರ'ವೂ ಹುಟ್ಟಿದೆ. ಶಿವನಿಗೆ ಸಂಬಂಧಿಸಿದವನು ಶೈವನಾದಂತೆ ವೀರನಿಗೆ ಸಂಬಂಧಿಸಿದ್ದು ವೈರ. ಶೂರನ ಹೆಸರು ಹಗೆತನಕ್ಕೆ ಅಂಟಿದ್ದೇಕೆ? ಆಪಸ್ತಂಬ ಧರ್ಮಸೂತ್ರದಲ್ಲಿ ಇದರ ಸುಳಿವಿದೆ. ಕ್ಷತ್ರಿಯನನ್ನು ಕೊಂದವನು 'ವೈರಯಾತನ'ಕ್ಕಾಗಿ 1000 ಹಸುಗಳನ್ನು ಕೊಡತಕ್ಕದ್ದು. ವೈಶ್ಯನಾದರೆ 100, ಶೂದ್ರನಾದರೆ 10. ಜೀವವನ್ನು ಜಾತಿಯ ತಕ್ಕಡಿಯಲ್ಲಿ ತೂಗಿದ ಈ ಲೆಕ್ಕ ಶರಣರ ಅಂಗಳಕ್ಕೆ ಸಲ್ಲದು. ಆದರೆ ಯಾತನವೆಂದರೆ ಇಲ್ಲಿ ತೀರಿಸುವುದು ಎಂಬುದನ್ನು ಗಮನಿಸಬೇಕು. ಬಿದ್ದ ವೀರನ ಬಾಬ್ತು ಉಳಿದ ಋಣವೇ ವೈರವಾಗಿತ್ತು. ಋಣಕ್ಕೆ ತೀರುವಳಿಯುಂಟು.

ನಮ್ಮ ಅಚ್ಚಗನ್ನಡದ 'ಹಗೆ' ತಮಿಳಿನ ಪಗೈ, ತೆಲುಗಿನ ಪಗಗಳ ಒಡಹುಟ್ಟು. ಬಯಲುಸೀಮೆಯಲ್ಲಿ ನೆಲದೊಳಗೆ ಜೋಳ ತುಂಬಿಡುವ ಗುಂಡಿಗೂ ಹಗೆಯೆಂದೇ ಹೆಸರು. ಎರಡಕ್ಕೂ ಮೂಲವೊಂದೇ ಎಂದು ಸಾಧಿಸಹೊರಟಿಲ್ಲ. ಆದರೆ ಹಗೆಯ ಬಾಯಿ ತೆರೆದು, ಒಳಗಿನ ಕೆಟ್ಟ ಗಾಳಿ ಹೋಗುವ ಮುನ್ನವೇ ಇಳಿದವನ ಗತಿಯೇನೆಂಬುದನ್ನು ಒಕ್ಕಲುಮಕ್ಕಳು ಬಲ್ಲರು. ಬದುವಿನ ಒಂದು ಮೊಳ ನೆಲಕ್ಕಾಗಿ ಅಣ್ಣತಮ್ಮಂದಿರು ಕೂಡಿಟ್ಟ ಮಾತುಗಳನ್ನು ಮೊಮ್ಮಕ್ಕಳು ತೆರೆದಾಗಲೂ ಹಾಗೆಯೇ.

1883ರಲ್ಲಿ ರವೀಂದ್ರನಾಥ ಠಾಕೂರರು ಕಾರವಾರಕ್ಕೆ ಬಂದಿದ್ದರು. ಅವರ ಅಣ್ಣ ಸತ್ಯೇಂದ್ರನಾಥರು ಅಲ್ಲಿ ಜಿಲ್ಲಾ ನ್ಯಾಯಾಧೀಶರು. 22ರ ಹರೆಯದ ಕವಿ ಆ ಕಡಲತಡಿಯಲ್ಲಿ ರಚಿಸಿದ ನಾಟಕ 'ಪ್ರಕೃತಿರ್ ಪ್ರತಿಶೋಧ'. ಪ್ರತಿಶೋಧವೆಂದರೆ ಸೇಡು; ಆದರೆ ಬಂಗಾಲಿಯಲ್ಲಿ 'ಶೋಧ'ವೆಂದರೆ ಸಾಲ ತೀರಿಸುವುದೂ ಹೌದು. ಸಂಸಾರವನ್ನೇ ವೈರಿಯೆಂದು ಬಗೆದು ಗುಹೆ ಸೇರಿದ ಸಂನ್ಯಾಸಿಯೊಬ್ಬನಿಗೆ, ಊರು ಮುಟ್ಟಲೊಲ್ಲದ ಅನಾಥ ಬಾಲೆಯೊಬ್ಬಳು ಮಗಳಂತೆ ಅಂಟಿಕೊಳ್ಳುತ್ತಾಳೆ. ಅವನು ಅವಳನ್ನು ತೊರೆದು ಓಡುತ್ತಾನೆ. ಮನಸ್ಸು ಕರಗಿ ಮರಳುವಷ್ಟರಲ್ಲಿ ಬಾಲೆ ಸತ್ತಿರುತ್ತಾಳೆ. ಸಂಸಾರದಲ್ಲಿದ್ದೇ ಸಾಧಿಸಿರೆಂದ ಶರಣರ ಮಕ್ಕಳಿಗೆ ಈ ಕಥೆಯ ಮರ್ಮವನ್ನು ಬಿಡಿಸಿ ಹೇಳಬೇಕಿಲ್ಲ.

ಕಾರವಾರದಿಂದ ಅಂಕೋಲೆ ದೂರವಲ್ಲ. 1930ರ ಏಪ್ರಿಲ್ 13ರಂದು ಅಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದರು. ಮುಂದೆ ಕರನಿರಾಕರಣೆ ನಡೆದು, ಭೂಕಂದಾಯ ಕೊಡದ ರೈತರ ಹೊಲಮನೆಗಳು ಜಪ್ತಿಯಾಗಿ ಹರಾಜಿಗೆ ಬಂದವು. ಕಸಿದದ್ದು ಸರಕಾರ; ಕೊಳ್ಳಲು ಮುಂದೆ ಬಂದವನು ಮನುಷ್ಯ, ಹೆಸರು ಗೊತ್ತಿದ್ದವನು. ದೂರದ ದೊರೆಯ ಮೇಲಿನ ಸಿಟ್ಟು ಕಾಲಾಂತರದಲ್ಲಿ ಆರೀತು. ನಮ್ಮ ಗದ್ದೆಯಲ್ಲಿ ನೇಗಿಲು ಹೂಡಿದವನನ್ನು ದಿನವೂ ಕಾಣುವುದು ಬೇರೆ ಸಂಕಟ. ಆ ಹೊತ್ತಿನಲ್ಲಿ ಹಗೆಯನ್ನು ತುಂಬಿಡುವುದು ಬಲು ಸುಲಭವಾಗಿತ್ತು.

ಇದೇ ಚಳವಳಿಯಲ್ಲಿ, ಘಟ್ಟದ ಮೇಲಣ ಸಿದ್ದಾಪುರ ಸೀಮೆಯ ತಾಯಂದಿರು ಜಪ್ತಿಯ ಆಸ್ತಿ ಕೊಂಡವರ ಮನೆಬಾಗಿಲಿಗೆ ಹೋಗಿ ಉಪವಾಸ ಕುಳಿತರು. ಸಾಲ ಕೊಟ್ಟವನು ಬಾಗಿಲಲ್ಲಿ ಕುಳಿತು ಬಾಕಿ ಕೇಳುವ ಹಳೆಯ ಪದ್ಧತಿಯೇ ಅದು. ಭೂಮಿ ಹಿಂದಕ್ಕೆ ಬಂದರೆ ಲೆಕ್ಕ ಮುಗಿಯುತ್ತದೆ. ಎದ್ದು ಅದೇ ಮನೆಯಲ್ಲಿ ನೀರು ಕುಡಿಯಬಹುದು.